ಬಾಗಿಲವರೆಗೆ ಬಂದವರು ಏಕೆ ಹಿಂದಿರುಗುತ್ತಾರೆ

ಶಿವಮೊಗ್ಗದಲ್ಲಿ ಸ್ವಂತ ಉದ್ಯಮ ನಡೆಸುವ ಯಾರನ್ನು ಮಾತಿಗೆಳೆದರೂ ಸ್ವಲ್ಪ ಹೊತ್ತಿನಲ್ಲೇ ಒಂದು ಮಾತು ಬಂದೇ ಬರುತ್ತದೆ: ‘ಕೆಲಸಕ್ಕೆ ಒಳ್ಳೆಯ ಜನ ಸಿಗುವುದಿಲ್ಲ, ಇದ್ದವರೆಲ್ಲ ಬೆಂಗಳೂರಿಗೆ ಹೋಗಿಬಿಡುತ್ತಾರೆ.’ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ಮಾಲೀಕರು ಇದನ್ನು ಹೇಳುತ್ತಾರೆ, ನರ್ಸಿಂಗ್ ಹೋಂ ನಡೆಸುವ ವೈದ್ಯರು ಹೇಳುತ್ತಾರೆ, ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರೂ ಹೇಳುತ್ತಾರೆ. ಇಂತಹ ಸಣ್ಣ ಮತ್ತು ಮಧ್ಯಮ ಗಾತ್ರದ ಸಂಸ್ಥೆಗಳಿಗೆ ನೇಮಕಾತಿ ಮತ್ತು ವೇತನಪಟ್ಟಿಯ ಕೆಲಸವನ್ನು ಮಾಡಿಕೊಡುವುದು ನನ್ನ ವೃತ್ತಿಯಾಗಿರುವುದರಿಂದ ಈ ಮಾತನ್ನು ಹಲವು ವರ್ಷಗಳಿಂದ ಕೇಳುತ್ತಲೇ ಬಂದಿದ್ದೇನೆ, ಮತ್ತು ಇದು ಅರ್ಧ ಮಾತ್ರ ಸತ್ಯವೆಂದು ಈಗ ದೃಢವಾಗಿ ಹೇಳಬಲ್ಲೆ. ಭಾನುವಾರ ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸುಗಳು ತುಂಬಿರುತ್ತವೆ ಎಂಬುದು ನಿಜ. ಆದರೆ ಆ ಬಸ್ಸುಗಳಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ಅದಕ್ಕೆ ಮೊದಲು ನಮ್ಮೂರಿನ ಒಂದಲ್ಲ ಒಂದು ಕಚೇರಿಯ ಬಾಗಿಲವರೆಗೆ ಬಂದು, ಅಲ್ಲಿ ನಡೆಸಿಕೊಂಡ ರೀತಿಯನ್ನು ನೋಡಿ, ಏನೂ ಹೇಳದೆ ಹಿಂದಿರುಗಿದವರು ಎಂಬುದೂ ಅಷ್ಟೇ ನಿಜ.

ಜಿಲ್ಲೆಯಲ್ಲಿ ಓದಿದವರಿಗೆ ಬರವಿಲ್ಲ. ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜು 1980ರಿಂದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಪದವೀಧರರನ್ನು ರೂಪಿಸುತ್ತಿವೆ. ಪಾಲಿಟೆಕ್ನಿಕ್‌ಗಳು, ಐಟಿಐಗಳು, ನರ್ಸಿಂಗ್ ಕಾಲೇಜುಗಳು ಬೇರೆ. ಇದಕ್ಕಿಂತ ಮುಖ್ಯವಾಗಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ವಯಸ್ಸಾದ ತಂದೆತಾಯಿಗಾಗಿಯೋ ತೋಟ ನೋಡಿಕೊಳ್ಳುವುದಕ್ಕಾಗಿಯೋ ಊರಿಗೆ ಮರಳಲು ಬಯಸುವವರ ಸಂಖ್ಯೆ 2020ರ ನಂತರ ನನ್ನ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ಕೆಲಸ ಕಲಿತು ಪಳಗಿದ ಇಂಥವರು ತಾವಾಗಿಯೇ ಮರಳಿ ಬರುವುದು ಮಲೆನಾಡಿನ ಉದ್ಯಮಗಳ ಪಾಲಿಗೆ ಸಣ್ಣ ಭಾಗ್ಯವಲ್ಲ. ಅದನ್ನು ಕೈಯಾರೆ ಕಳೆದುಕೊಳ್ಳುತ್ತಿರುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇದರ ಮೂಲದಲ್ಲಿರುವುದು ಒಂದು ಹಳೆಯ ಮನೋಭಾವ. ಈ ಸೀಮೆಯಲ್ಲಿ ಸಂಬಳದ ಕೆಲಸವೆಂದರೆ ಬಹುಕಾಲ ಸರ್ಕಾರಿ ನೌಕರಿ, ಇಲ್ಲವೇ ಭದ್ರಾವತಿಯ ಎರಡು ಕಾರ್ಖಾನೆಗಳು: 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಕೆಲಸ ಕಡಿಮೆಯಿದ್ದು ಕೇಳುವವರು ಹೆಚ್ಚಿದ್ದ ಆ ಕಾಲದಲ್ಲಿ ಕೆಲಸ ಸಿಗುವುದು ಪುಣ್ಯವೆಂದೂ ಕೊಡುವವರು ಉಪಕಾರಿಗಳೆಂದೂ ಭಾವಿಸುವುದು ಸಹಜವಾಗಿತ್ತು. ಕಾಗದದ ಕಾರ್ಖಾನೆ ನಿಂತು ಸುಮಾರು ಒಂದು ದಶಕವಾಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದಿನ ಸದ್ದಿಲ್ಲ. ಉಪಕಾರದ ಆ ಭಾವನೆ ಮಾತ್ರ ಖಾಸಗಿ ಮಾಲೀಕರ ಮನಸ್ಸಿನಲ್ಲಿ ಹಾಗೆಯೇ ಉಳಿದುಕೊಂಡಿದೆ. ಅಭ್ಯರ್ಥಿಯೂ ತಮ್ಮನ್ನು ತೂಗಿ ನೋಡುತ್ತಿದ್ದಾನೆ, ಒಪ್ಪುವ ಅಥವಾ ಬಿಡುವ ಅಧಿಕಾರ ಅವನಿಗೂ ಇದೆ ಎಂಬುದು ಅವರ ಗಮನಕ್ಕೆ ಬರುವುದೇ ಇಲ್ಲ. ನಾನು ಮುಂದೆ ಹೇಳುವ ತಪ್ಪುಗಳೆಲ್ಲ ಇದೊಂದರಿಂದಲೇ ಹುಟ್ಟುತ್ತವೆ.

ತಪ್ಪು ಜಾಹೀರಾತಿನಿಂದಲೇ ಆರಂಭವಾಗುತ್ತದೆ. ‘ಅನುಭವಿ ಅಕೌಂಟೆಂಟ್ ಬೇಕಾಗಿದ್ದಾರೆ, ಟ್ಯಾಲಿ, ಜಿಎಸ್‌ಟಿ, ಇಂಗ್ಲಿಷ್ ಪತ್ರವ್ಯವಹಾರ, ದ್ವಿಚಕ್ರ ವಾಹನ ಕಡ್ಡಾಯ, ಆಕರ್ಷಕ ಸಂಬಳ’ ಎಂದು ಬರೆಯುವ ಸಂಸ್ಥೆಯು ಸಂಬಳ ಎಷ್ಟೆಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿರುತ್ತದೆ. ಇದನ್ನು ನೋಡಿ ಅರ್ಜಿ ಹಾಕುವವರು ಯಾವ ಸಂಬಳಕ್ಕಾದರೂ ಒಪ್ಪುವಷ್ಟು ಅಗತ್ಯದಲ್ಲಿರುವವರು. ಈಗಾಗಲೇ ಒಂದು ಕೆಲಸದಲ್ಲಿದ್ದು ಚೆನ್ನಾಗಿ ಮಾಡುತ್ತಿರುವವರು, ಗೊತ್ತಿಲ್ಲದ ಸಂಬಳಕ್ಕಾಗಿ ಒಂದು ದಿನ ರಜೆ ಹಾಕಿ ಸಾಗರದಿಂದಲೋ ಹೊಸನಗರದಿಂದಲೋ ಏಕೆ ಬರಬೇಕು? ಮೊತ್ತವನ್ನು ಬರೆದರೆ ಒಳಗಿರುವ ಸಿಬ್ಬಂದಿಗೆ ತಿಳಿದುಬಿಡುತ್ತದೆ ಎಂಬುದು ಮಾಲೀಕರ ಸಾಮಾನ್ಯ ಅಂಜಿಕೆ. ಒಳಗಿನವರಿಗೆ ತಿಳಿಯಬಾರದಂತಹ ಸಂಬಳವನ್ನು ಹೊರಗಿನವರಿಗೆ ಕೊಡಲು ಹೊರಟಿದ್ದರೆ, ಮೊದಲು ಸರಿಪಡಿಸಬೇಕಾದುದು ಒಳಗಿನವರ ಸಂಬಳವನ್ನು.

ಸಂದರ್ಶನದ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಜನ ಕೈತಪ್ಪಿ ಹೋಗುವುದು ಅಲ್ಲಿಯೇ. ಒಂದು ಜುಲೈ ತಿಂಗಳಲ್ಲಿ, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕವೊಂದು ಗುಣಮಟ್ಟ ಪರಿಶೀಲನೆಯ ಹುದ್ದೆಗೆ ಸಂದರ್ಶನ ಇಟ್ಟುಕೊಂಡಿತ್ತು, ನನ್ನನ್ನೂ ಮೇಜಿನ ಒಂದು ಬದಿಗೆ ಕೂರಿಸಿದ್ದರು. ತೀರ್ಥಹಳ್ಳಿ ಕಡೆಯ ಯುವತಿಯೊಬ್ಬರು ಬಂದಿದ್ದರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಇದೇ ಕೆಲಸವನ್ನು ಕೆಲವು ವರ್ಷ ಮಾಡಿ, ತಂದೆಗೆ ತೋಟದ ಕೆಲಸ ಆಗದಂತಾದುದರಿಂದ ಊರಿಗೆ ಮರಳಿದ್ದವರು. ಹತ್ತು ಗಂಟೆಗೆ ಬರಹೇಳಿದ್ದರಿಂದ ಬೆಳಗಿನ ಬಸ್ಸು ಹಿಡಿದು, ಮಳೆಯಲ್ಲಿ ಅರವತ್ತು ಕಿಲೋಮೀಟರ್ ಬಂದು, ಒಂಬತ್ತೂವರೆಗೇ ಗೇಟಿನ ಬಳಿ ಇದ್ದರು. ಮಾಲೀಕರು ಬಂದದ್ದು ಒಂದು ಗಂಟೆಗೆ. ಅಲ್ಲಿಯವರೆಗೆ ಅವರು ಸೆಕ್ಯುರಿಟಿ ಕೋಣೆಯ ಪಕ್ಕದ ಬೆಂಚಿನಲ್ಲಿ ಒದ್ದೆ ಚೂಡಿದಾರದಲ್ಲಿಯೇ ಕುಳಿತಿದ್ದರು. ಕುಡಿಯಲು ಕಾಫಿ ಬೇಕೇ, ಶೌಚಾಲಯ ಎಲ್ಲಿದೆ ಎಂದು ಹೇಳುವವರೂ ಇರಲಿಲ್ಲ. ಒಳಗೆ ಬಂದಾಗ ಒಂದು ಪ್ಲಾಸ್ಟಿಕ್ ಕವರಿನೊಳಗಿದ್ದ ಇನ್ನೊಂದು ಪ್ಲಾಸ್ಟಿಕ್ ಕವರನ್ನು ಬಿಚ್ಚಿ, ಸ್ವಲ್ಪವೂ ನೆನೆಯದ ಫೈಲನ್ನು ಹೊರತೆಗೆದರು. ಅದರಲ್ಲಿ ಮಾರ್ಕ್ಸ್ ಕಾರ್ಡುಗಳ ಜೊತೆಗೆ ಅವರೇ ಸಿದ್ಧಪಡಿಸಿದ್ದ ಪರಿಶೀಲನಾ ಪಟ್ಟಿಯ ಒಂದು ಖಾಲಿ ನಮೂನೆ ಇತ್ತು: ಯಾವ ಅಳತೆಯನ್ನು ಯಾವ ಉಪಕರಣದಿಂದ, ಎಷ್ಟು ಪೀಸಿಗೊಮ್ಮೆ ನೋಡಬೇಕೆಂದು ಅಚ್ಚುಕಟ್ಟಾಗಿ ಗೆರೆ ಹಾಕಿದ ಹಾಳೆ.

ಆ ಹಾಳೆಯ ಮೇಲೆ ಮಾಲೀಕರು ಕಣ್ಣು ಹಾಯಿಸಲಿಲ್ಲ. ಊರು ಯಾವುದು, ತಂದೆಗೆ ಎಷ್ಟು ಎಕರೆ ತೋಟವಿದೆ, ಯಾರ ಪೈಕಿ, ಮದುವೆ ಯಾವಾಗ ಎಂಬ ಪ್ರಶ್ನೆಗಳಲ್ಲಿ ಕಾಲು ಗಂಟೆ ಕಳೆಯಿತು. ನಾನು ಉಪಕರಣಗಳ ಬಗ್ಗೆ ಎರಡು ಪ್ರಶ್ನೆ ಕೇಳಿದಾಗ ಅವರು ಕೊಟ್ಟ ಉತ್ತರ ಎಷ್ಟು ನಿಖರವಾಗಿತ್ತೆಂದರೆ, ಆ ಘಟಕಕ್ಕೆ ಅವರಿಗಿಂತ ತಕ್ಕವರು ಸಿಗುವುದು ಕಷ್ಟವೆಂದು ನನಗೆ ಅಲ್ಲೇ ಅನ್ನಿಸಿತು. ‘ಆಯ್ತು, ತಿಳಿಸ್ತೀವಿ’ ಎಂಬಲ್ಲಿಗೆ ಸಂದರ್ಶನ ಮುಗಿಯಿತು. ಎರಡು ವಾರಗಳ ನಂತರ ಘಟಕದವರು ಫೋನ್ ಮಾಡಿದಾಗ ಅವರು ಅದೇ ಕೈಗಾರಿಕಾ ಪ್ರದೇಶದ ಮತ್ತೊಂದು ಕಡೆ ಸೇರಿಯಾಗಿತ್ತು. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲವೆಂದು ಮಾಲೀಕರು ಬೇಸರಪಟ್ಟುಕೊಂಡರು. ಮೂರೂವರೆ ಗಂಟೆ ಬೆಂಚಿನ ಮೇಲೆ ಕಾದವರ ತಾಳ್ಮೆಯ ಬಗ್ಗೆ ಆಡಿದ ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ಸಂದರ್ಶನಕ್ಕೆ ಸಮಯ ಕೊಡುವುದೆಂದರೆ ಬಸ್ಸಿನ ಸಮಯವನ್ನೂ ಯೋಚಿಸಿ ಕೊಡುವುದು ಎಂದರ್ಥ. ನಗರ, ನಿಟ್ಟೂರು, ಆಗುಂಬೆಯಂತಹ ಊರುಗಳ ಕಡೆಯಿಂದ ಬರುವವರು ಸಂಜೆ ಕೊನೆಯ ಬಸ್ಸು ತಪ್ಪಿದರೆ ರಾತ್ರಿ ಶಿವಮೊಗ್ಗದಲ್ಲೇ ಉಳಿಯಬೇಕು. ದೂರದಿಂದ ಬರುವವರಿಗೆ ಹನ್ನೊಂದರಿಂದ ಎರಡರ ನಡುವಿನ ಸಮಯವನ್ನು ಮೀಸಲಿಟ್ಟು, ಹತ್ತಿರದವರನ್ನು ಅದರ ಹಿಂದೆ ಮುಂದೆ ಕರೆದರೆ ಯಾರಿಗೂ ಏನೂ ನಷ್ಟವಿಲ್ಲ. ಹಾಗೆಯೇ ವಿಡಿಯೋ ಸಂದರ್ಶನ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಿಂದ ಮಾತನಾಡುತ್ತಿದ್ದ ಅಭ್ಯರ್ಥಿಯ ಚಿತ್ರ ಪದೇ ಪದೇ ನಿಂತುಹೋದುದಕ್ಕೆ ‘ಸಂವಹನ ಕೌಶಲ ಸಾಲದು’ ಎಂದು ಟಿಪ್ಪಣಿ ಬರೆದುದನ್ನು ನಾನು ನೋಡಿದ್ದೇನೆ. ಈ ತಾಲ್ಲೂಕುಗಳಲ್ಲಿ ನೆಟ್‌ವರ್ಕ್‌ಗಾಗಿ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು, ಟವರ್ ಬೇಕೆಂದು ಜನ ಚಳವಳಿಯನ್ನೇ ನಡೆಸಿದ್ದನ್ನು ನಾವೆಲ್ಲ ಬಲ್ಲೆವು. ಆದರೂ ಸಂದರ್ಶನದ ಮೇಜಿನ ಮುಂದೆ ಕುಳಿತಾಗ ಅದು ಮರೆತುಹೋಗುತ್ತದೆ. ವಿಡಿಯೋ ಕೈಕೊಟ್ಟರೆ ಸಾಧಾರಣ ಫೋನ್ ಕರೆಯಲ್ಲಿಯೇ ಮಾತು ಮುಂದುವರಿಸಬಹುದು. ಅದಕ್ಕೆ ಅಪ್ಪಣೆ ಬೇಕಿಲ್ಲ.

‘ಯಾರ ಪೈಕಿ’ ಎಂಬ ಪ್ರಶ್ನೆಯ ಬಗ್ಗೆ ನಾನು ಮೃದುವಾಗಿ ಮಾತನಾಡಲಾರೆ. ಪರಿಚಯ ಬೆಳೆಸಲು, ಮಾತು ಶುರುಮಾಡಲು ಕೇಳುತ್ತೇವೆ ಎನ್ನುತ್ತಾರೆ. ಮದುವೆಮನೆಯಲ್ಲಿ ಅದು ಪರಿಚಯವಿರಬಹುದು. ಸಂದರ್ಶನದ ಮೇಜಿನಲ್ಲಿ ಅದು ಜಾತಿಯನ್ನು ತಿಳಿಯುವ ದಾರಿ, ಮತ್ತು ಕೇಳಿಸಿಕೊಂಡವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬೇರೆ ಮಾಡಿ ಕಳುಹಿಸಲಾಗಿತ್ತು. ದಲಿತ ಹೆಸರಿನ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಮುಂದಿನ ಹಂತದ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿನವುಗಳಿಗಿಂತ ಕಡಿಮೆಯಿತ್ತು. ದೊಡ್ಡ ನಗರಗಳ ಕಂಪನಿಗಳಲ್ಲೇ ಹೀಗಿರುವಾಗ, ಎಲ್ಲರಿಗೂ ಎಲ್ಲರ ಮನೆತನ ಗೊತ್ತಿರುವ ನಮ್ಮಂತಹ ಊರಿನಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಮದುವೆಯ ಪ್ರಶ್ನೆಯೂ ಇದೇ ಬಗೆಯದು. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಹೆರಿಗೆ ರಜೆಯನ್ನು 2017ರಲ್ಲಿ 26 ವಾರಗಳಿಗೆ ಏರಿಸಿದ ಮೇಲೆ, ಆ ಖರ್ಚಿನ ಭಯದಿಂದ ಮದುವೆಯ ವಿಚಾರ ಕೇಳುವವರು ಕಡಿಮೆಯಾಗುವ ಬದಲು ಹೆಚ್ಚಾಗಿದ್ದಾರೆಂಬುದು ನನ್ನ ಅನುಭವ. ಜಾಣ ಹೆಣ್ಣುಮಕ್ಕಳು ಆ ಪ್ರಶ್ನೆಗೆ ನಗುತ್ತಲೇ ಉತ್ತರ ಹೇಳಿ, ಮನಸ್ಸಿನಲ್ಲಿ ಆ ಸಂಸ್ಥೆಯ ಹೆಸರಿನ ಮೇಲೆ ಗೆರೆ ಎಳೆದುಬಿಡುತ್ತಾರೆ.

ಹಾಗಾದರೆ ಏನನ್ನು ಕೇಳಬೇಕು? ಮನಸ್ಸಿಗೆ ಬಂದಂತೆ ಹರಟುವ ಸಂದರ್ಶನದಿಂದ ಒಳ್ಳೆಯ ಕೆಲಸಗಾರರನ್ನು ಗುರುತಿಸಬಹುದು ಎಂಬ ನಂಬಿಕೆ ಮಾಲೀಕರಲ್ಲಿ ಬಲವಾಗಿದೆ. ‘ಮುಖ ನೋಡಿದರೆ ಗೊತ್ತಾಗುತ್ತದೆ’ ಎನ್ನುತ್ತಾರೆ. ಈ ವಿಷಯದಲ್ಲಿ ದಶಕಗಳಿಂದ ಸಂಶೋಧನೆ ನಡೆದಿದೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಆಯ್ಕೆಯ ಯಾವ ವಿಧಾನ ಮುಂದಿನ ಕೆಲಸದ ಗುಣಮಟ್ಟವನ್ನು ಎಷ್ಟರಮಟ್ಟಿಗೆ ಮುಂಚಿತವಾಗಿ ತೋರಿಸುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಪೂರ್ಣ ಹೊಂದಾಣಿಕೆಗೆ 1, ಏನೂ ಸಂಬಂಧವಿಲ್ಲದಿದ್ದರೆ 0 ಎಂಬ ಅಳತೆಯಲ್ಲಿ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ಒಂದೇ ಮಾನದಂಡದಿಂದ ಅಂಕ ಕೊಡುವ ಸಂದರ್ಶನಕ್ಕೆ 0.42 ಬಂದರೆ, ಗೊತ್ತುಗುರಿಯಿಲ್ಲದ ಸಂದರ್ಶನಕ್ಕೆ 0.19 ಬಂದಿದೆ. ಎಷ್ಟು ವರ್ಷದ ಅನುಭವವಿದೆ ಎಂಬ ಲೆಕ್ಕಕ್ಕಂತೂ ಬಂದದ್ದು 0.07. ಜಾಹೀರಾತಿನಲ್ಲಿ ‘ಕನಿಷ್ಠ 5 ವರ್ಷ ಅನುಭವ ಕಡ್ಡಾಯ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಮೂರೇ ವರ್ಷದಲ್ಲಿ ಕೆಲಸದ ಒಳಹೊರಗನ್ನು ಅರಿತವರನ್ನು ಆಚೆಯೇ ನಿಲ್ಲಿಸುವವರು ಈ ಕೊನೆಯ ಅಂಕಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು.

ಒಳ್ಳೆಯ ಸಂದರ್ಶನವನ್ನು ನಾನು ಇದೇ ಊರಿನಲ್ಲಿ ನೋಡಿದ್ದೇನೆ. ಫೌಂಡ್ರಿಯೊಂದರಲ್ಲಿ ಮೋಲ್ಡಿಂಗ್ (ಮರಳಿನ ಅಚ್ಚು ತಯಾರಿಸುವ) ವಿಭಾಗದ ಸೂಪರ್‌ವೈಸರ್ ಹುದ್ದೆಗೆ ಬಂದ ಪ್ರತಿಯೊಬ್ಬರ ಮುಂದೆಯೂ ಅಲ್ಲಿನ ವ್ಯವಸ್ಥಾಪಕರು ತಿರಸ್ಕೃತವಾದ ಮೂರು ಕಾಸ್ಟಿಂಗ್‌ಗಳನ್ನು, ಅಂದರೆ ಎರಕ ಹೊಯ್ದ ಬಿಡಿಭಾಗಗಳನ್ನು, ಇಟ್ಟು, ಇವು ಏಕೆ ರಿಜೆಕ್ಟ್ ಆಗಿರಬಹುದು ಹೇಳಿ ಎನ್ನುತ್ತಿದ್ದರು. ಭದ್ರಾವತಿಯ ಐಟಿಐ ಓದಿದ್ದ ಒಬ್ಬರು ಮೊದಲನೆಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಹೆಬ್ಬೆರಳನ್ನು ಗುಳಿಗಳ ಮೇಲೆ ಸವರಿದರು, ‘ಇದು ಮಳೆಗಾಲದ ಪೀಸಾ ಸರ್?’ ಎಂದು ಕೇಳಿದರು. ಮರಳಿನಲ್ಲಿ ನೀರಿನಂಶ ಹೆಚ್ಚಾದರೆ, ಇಲ್ಲವೇ ಆವಿ ಹೊರಹೋಗಲು ದಾರಿ ಸಾಲದಿದ್ದರೆ, ಕರಗಿದ ಲೋಹದೊಳಗೆ ಅನಿಲ ಸಿಕ್ಕಿಕೊಂಡು ಇಂತಹ ಗುಳ್ಳೆಗಳಾಗುತ್ತವೆ. ಮೊದಲು ಮರಳಿನ ತೇವಾಂಶ ಪರೀಕ್ಷಿಸಿ ಆಮೇಲೆ ವೆಂಟ್ ನೋಡಬೇಕು ಎಂದರು. ಎರಡನೆಯದರಲ್ಲಿ ಲೋಹದ ಎರಡು ಹರಿವುಗಳು ಸಂಧಿಸಿದ ಜಾಗದಲ್ಲಿ ಸಣ್ಣ ಗೆರೆಯಿತ್ತು. ಸುರಿಯುವಾಗ ಲೋಹ ತಣ್ಣಗಾಗಿತ್ತು ಎಂದರು. ಮೂರನೆಯದು ತಮಗೆ ಖಚಿತವಾಗಿ ಗೊತ್ತಾಗುತ್ತಿಲ್ಲ, ಕತ್ತರಿಸಿ ನೋಡಬೇಕು ಎಂದು ಕೆಳಗಿಟ್ಟರು. ವ್ಯವಸ್ಥಾಪಕರಿಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಆ ಮೂರನೆಯ ಉತ್ತರ. ಇಪ್ಪತ್ತು ನಿಮಿಷಗಳಲ್ಲಿ ಮುಗಿದ ಈ ಪರೀಕ್ಷೆಯಿಂದ ಅಭ್ಯರ್ಥಿಗೂ ಒಂದು ವಿಷಯ ಸ್ಪಷ್ಟವಾಗಿತ್ತು: ಇಲ್ಲಿ ಕೆಲಸ ಬಲ್ಲವರು ಕೆಲಸ ಬಲ್ಲವರನ್ನು ಹುಡುಕುತ್ತಿದ್ದಾರೆ. ಆತ ಬೇರೆ ಕಡೆಯ ಕರೆಯನ್ನು ಬಿಟ್ಟು ಅಲ್ಲಿಯೇ ಸೇರಿದರು.

ಇದನ್ನು ಅತಿಗೆ ಒಯ್ಯುವವರೂ ಇದ್ದಾರೆ. ಸಣ್ಣ ಸಾಫ್ಟ್‌ವೇರ್ ಸಂಸ್ಥೆಗಳು ಒಂದು ವಾರದ ಅಸೈನ್‌ಮೆಂಟ್ ಕೊಟ್ಟು, ಅದನ್ನು ಗ್ರಾಹಕರ ಕೆಲಸಕ್ಕೆ ಬಳಸಿಕೊಂಡು, ಅಭ್ಯರ್ಥಿಗೆ ಒಂದು ಸಾಲಿನ ಉತ್ತರವನ್ನೂ ಕಳುಹಿಸದೆ ಸುಮ್ಮನಾದ ಉದಾಹರಣೆಗಳಿವೆ. ಅದು ಪರೀಕ್ಷೆಯಲ್ಲ, ಬಿಟ್ಟಿ ಕೆಲಸ.

ಸಣ್ಣ ಊರಿಗೇ ವಿಶಿಷ್ಟವಾದ, ನನ್ನ ಮಟ್ಟಿಗೆ ಅತ್ಯಂತ ಗಂಭೀರವಾದ ತಪ್ಪು ಇನ್ನೊಂದಿದೆ. ಅಭ್ಯರ್ಥಿಯು ಸದ್ಯ ಕೆಲಸ ಮಾಡುತ್ತಿರುವ ಸಂಸ್ಥೆಯ ಮಾಲೀಕರು ಸಂದರ್ಶನ ಮಾಡುವವರಿಗೆ ಪರಿಚಿತರೇ ಆಗಿರುತ್ತಾರೆ: ಒಂದೇ ರೋಟರಿ, ಒಂದೇ ವಾಣಿಜ್ಯ ಸಂಘ, ಅಥವಾ ಸಂಬಂಧಿಕರು. ‘ನಿಮ್ಮ ಹುಡುಗ ನಮ್ಮಲ್ಲಿಗೆ ಬಂದಿದ್ದ, ಹೇಗೆ ಅವನು?’ ಎಂದು ಅವರು ಫೋನಿನಲ್ಲಿಯೋ ಆರತಕ್ಷತೆಯ ಊಟದ ಸಾಲಿನಲ್ಲಿಯೋ ಸಹಜವೆಂಬಂತೆ ಕೇಳಿಬಿಡುತ್ತಾರೆ. ಮರುದಿನ ಆ ಹುಡುಗ ಕೆಲಸಕ್ಕೆ ಹೋದಾಗ ಅವನನ್ನು ನೋಡುವ ಕಣ್ಣುಗಳು ಬದಲಾಗಿರುತ್ತವೆ. ಬರಬೇಕಾಗಿದ್ದ ಬಡ್ತಿ ನಿಲ್ಲುತ್ತದೆ, ಕೆಲವೊಮ್ಮೆ ಕೆಲಸವೇ ಹೋಗುತ್ತದೆ. ಹೊಸ ಕೆಲಸ ಇನ್ನೂ ಸಿಕ್ಕಿರುವುದಿಲ್ಲ. ಒಬ್ಬರ ಹೊಟ್ಟೆಪಾಡಿನ ಮೇಲೆ ಇಷ್ಟು ಹಗುರವಾಗಿ ಕೈಯಿಡುವ ಹಕ್ಕು ಯಾರಿಗೂ ಇಲ್ಲ. ಇದರ ಪರಿಣಾಮವೂ ದೂರಗಾಮಿಯಾದದ್ದು: ಒಮ್ಮೆ ಹೀಗಾದ ಸುದ್ದಿ ಬಾಯಿಂದ ಬಾಯಿಗೆ ಹರಡಿದ ಮೇಲೆ, ಊರಿನಲ್ಲಿ ಕೆಲಸದಲ್ಲಿರುವ ಯಾರೂ ಆ ಸಂಸ್ಥೆಗೆ ಅರ್ಜಿ ಹಾಕುವುದಿಲ್ಲ; ಕೆಲಸ ಕಳೆದುಕೊಂಡವರು ಮಾತ್ರ ಬರುತ್ತಾರೆ. ನಾನು ಕೆಲಸ ಒಪ್ಪಿಕೊಳ್ಳುವ ಪ್ರತಿ ಸಂಸ್ಥೆಗೂ ಮೊದಲು ಹಾಕುವ ಷರತ್ತು ಇದೊಂದೇ. ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆಯಾಗಲಿ, ಆಯ್ಕೆಯ ನಿರ್ಧಾರವಾಗುವ ಮೊದಲಾಗಲಿ ಯಾರೊಂದಿಗೂ ವಿಚಾರಿಸುವಂತಿಲ್ಲ.

ಇನ್ನು ಸಂಬಳದ ಮಾತು. ‘ಹಿಂದೆ ಎಷ್ಟು ಬರುತ್ತಿತ್ತು?’ ಎಂದು ಕೇಳಿ, ಅದರ ಮೇಲೆ ಸ್ವಲ್ಪ ಸೇರಿಸಿ ಕೊಡುವುದು ರೂಢಿ. ಮೊದಲ ಕೆಲಸದಲ್ಲಿ ಕಡಿಮೆ ಸಂಬಳಕ್ಕೆ ಸೇರಿದವರನ್ನು ಈ ಪ್ರಶ್ನೆ ಜೀವನವಿಡೀ ಕೆಳಗೇ ಹಿಡಿದಿಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು 2016ರಲ್ಲಿ ಮಾಡಿದ ಕಾನೂನು, ಸಂಬಳದ ಮೊತ್ತವನ್ನು ತಿಳಿಸುವ ಮುಂಚೆ ಹಿಂದಿನ ಸಂಬಳ ಕೇಳುವುದನ್ನು 2018ರ ಜುಲೈನಿಂದ ನಿಷೇಧಿಸಿತು. ನಮ್ಮಲ್ಲಿ ಬೆಂಗಳೂರಿನಿಂದ ಮರಳುವವರ ವಿಷಯದಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ಕೆಲಸ ಮಾಡುತ್ತದೆ: ಅಲ್ಲಿನ ಸಂಬಳ ಕೇಳಿಕೊಂಡು, ‘ಇಲ್ಲಿ ಮನೆ ಬಾಡಿಗೆ ಇಲ್ಲವಲ್ಲ, ಅರ್ಧ ಸಾಕು’ ಎಂದು ತೀರ್ಮಾನಿಸುತ್ತಾರೆ. ಅವರು ಬಾಡಿಗೆ ಉಳಿಸುವುದು ಸ್ವಂತ ಮನೆಯಿಂದ. ಆ ಉಳಿತಾಯ ಮಾಲೀಕರಿಗೆ ಸೇರಬೇಕಾದದ್ದಲ್ಲ. ಹುದ್ದೆಗೆ ಎಷ್ಟು ಬೆಲೆಯೋ ಅಷ್ಟನ್ನು ಹೇಳಬೇಕು. ಬೆಂಗಳೂರಿನಷ್ಟು ಕೊಡಲಾಗದಿದ್ದರೆ ಆಗುವುದಿಲ್ಲವೆಂದು ನೇರವಾಗಿ ಹೇಳಿದರೆ, ಊರನ್ನು ಬಯಸಿ ಬಂದವರು ಅದನ್ನು ಗೌರವದಿಂದಲೇ ಯೋಚಿಸುತ್ತಾರೆ.

ಅದಕ್ಕಿಂತಲೂ ನಂಬಿಕೆ ಕೆಡಿಸುವುದು ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಸಂಸ್ಥೆ ಮಾಡುವ ಒಟ್ಟು ಖರ್ಚು, ಎಂಬ ಲೆಕ್ಕ. ವರ್ಷಕ್ಕೆ 3,60,000 ಎಂದಾಗ ಅಭ್ಯರ್ಥಿಯ ಮನೆಯಲ್ಲಿ ತಿಂಗಳಿಗೆ 30,000 ಎಂದೇ ಕೇಳಿಸುತ್ತದೆ. ಮೂಲವೇತನ 15,000 ಎಂದಿಟ್ಟುಕೊಳ್ಳೋಣ. ಸಂಸ್ಥೆಯ ಪಾಲಿನ ಪಿಎಫ್ 1,800, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆಂದು ತೆಗೆದಿಡುವ ಸುಮಾರು 721, ವರ್ಷಾಂತ್ಯಕ್ಕೆ ಕೊಡುವ ಬೋನಸ್ಸಿನ ತಿಂಗಳ ಪಾಲು 1,250 ಇವೆಲ್ಲ ಆ ಮೂವತ್ತು ಸಾವಿರದೊಳಗೇ ಇರುತ್ತವೆ. ಅವುಗಳನ್ನು ಕಳೆದು, ನೌಕರನ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಮುರಿದುಕೊಂಡ ಮೇಲೆ ಕೈಗೆ ಬರುವುದು ಸುಮಾರು 24,200. ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗುವುದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ, ಆದರೆ ಮೊದಲ ತಿಂಗಳ ಸಂಬಳ ಬಂದ ದಿನ ಮೂಡುವ ಅನುಮಾನ ಮುಂದೆ ಎಂದೂ ಹೋಗುವುದಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿಯಲು ಕಾರಣವಾದ ವಿಷಯಗಳಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಒಂದಾಗಿತ್ತು. ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಇನ್ನೊಂದು ಕೊಳಗ ಎಂಬ ಸಂಶಯ ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೈಗೆ ಬರುವ ಮೊತ್ತವನ್ನೇ ಮೊದಲ ಸಾಲಿನಲ್ಲಿ ಬರೆದು, ಉಳಿದದ್ದನ್ನು ಅದರ ಕೆಳಗೆ ಬಿಡಿಸಿ ತೋರಿಸುವ ಒಂದು ಹಾಳೆ ಸಾಕು.

ಆಯ್ಕೆ ಮಾಡಿದ ಮೇಲೂ ಜನ ಕೈತಪ್ಪುತ್ತಾರೆ. ಬಾಯಿಮಾತಿನಲ್ಲಿ ‘ಒಂದನೇ ತಾರೀಖಿನಿಂದ ಬನ್ನಿ’ ಎಂದು, ಆಫರ್ ಲೆಟರ್ ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ಲವಾ’ ಎನ್ನುವವರಿದ್ದಾರೆ. ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಕಾದವರು ಕಾಗದವಿಲ್ಲದೆ ಹೇಗೆ ಕೊಡುತ್ತಾರೆ? ಬೆಂಗಳೂರಿನಲ್ಲಿ 60 ಅಥವಾ 90 ದಿನಗಳ ನೋಟಿಸ್ ಪೀರಿಯಡ್ ಇರುವವರಿಗೆ ‘ಹದಿನೈದು ದಿನದಲ್ಲಿ ಬಂದರೆ ಮಾತ್ರ’ ಎನ್ನುವುದೂ ಅಷ್ಟೇ ಅವಿವೇಕ; ಹಳೆಯ ಸಂಸ್ಥೆಯ ಕೆಲಸವನ್ನು ಕ್ರಮವಾಗಿ ಒಪ್ಪಿಸಿ ಬರುತ್ತೇನೆ ಎನ್ನುವವರು ನಾಳೆ ನಮ್ಮ ಸಂಸ್ಥೆಯನ್ನೂ ಹಾಗೆಯೇ ಗೌರವಿಸುತ್ತಾರೆ.

ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಪದ್ಧತಿಯನ್ನಂತೂ ನಾನು ಎಲ್ಲಿಯೂ ಒಪ್ಪಿಲ್ಲ. ಕೆಲವು ಶಾಲೆಗಳಲ್ಲಿ, ನರ್ಸಿಂಗ್ ಹೋಂಗಳಲ್ಲಿ ಸೇರುವ ದಿನವೇ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ತರಬೇತಿಗೆ ಖರ್ಚು ಮಾಡಿದ ಸಂಸ್ಥೆಯು ನ್ಯಾಯವಾದ ಅವಧಿಗೆ ಬಾಂಡ್ ಬರೆಸಿಕೊಳ್ಳುವುದು ಬೇರೆ ವಿಷಯ; ಅದರ ಸರಿತಪ್ಪುಗಳನ್ನು ನ್ಯಾಯಾಲಯಗಳು ಪ್ರಕರಣ ನೋಡಿ ತೀರ್ಮಾನಿಸುತ್ತವೆ. ವೃತ್ತಿ ನಡೆಸದಂತೆ ತಡೆಯುವ ಕರಾರು ಅಸಿಂಧುವೆಂದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಅಂಕಪಟ್ಟಿಯಾದರೋ ಒಬ್ಬರ ಓದಿನ ಫಲ, ಅವರ ಸ್ವತ್ತು. ಒಳ್ಳೆಯ ನರ್ಸ್ ಒಬ್ಬರು ಈ ಷರತ್ತನ್ನು ಕೇಳಿದ ಕ್ಷಣವೇ ಎದ್ದು ನಮಸ್ಕಾರ ಹೇಳಿ ಹೋದುದನ್ನು ನೋಡಿದ್ದೇನೆ. ಕೌಂಟರಿನಲ್ಲಿದ್ದವರು ಆಶ್ಚರ್ಯಪಟ್ಟರು, ನನಗೆ ಆ ನರ್ಸ್ ಬಗ್ಗೆ ಗೌರವ ಮೂಡಿತು.

ಬೇಡವಾದವರಿಗೆ ಬೇಡವೆಂದು ತಿಳಿಸುವುದನ್ನು ಬಹುತೇಕ ಸಂಸ್ಥೆಗಳು ಕೆಲಸವೆಂದೇ ಪರಿಗಣಿಸುವುದಿಲ್ಲ. ಫೋನ್ ಬರಬಹುದೆಂದು ಕಾಯುತ್ತ, ನೆಟ್‌ವರ್ಕ್ ಸಿಗುವ ಜಾಗ ಬಿಟ್ಟು ಕದಲದೆ ದಿನ ಕಳೆಯುವವರ ಮನೆಗಳು ಈ ತಾಲ್ಲೂಕುಗಳಲ್ಲಿ ಎಷ್ಟೋ ಇವೆ. ಕಾಸ್ಟಿಂಗ್ ಪರೀಕ್ಷೆ ಇಟ್ಟಿದ್ದ ಅದೇ ಫೌಂಡ್ರಿಯ ವ್ಯವಸ್ಥಾಪಕರು ಆಯ್ಕೆಯಾಗದವರಿಗೂ ಒಂದು ವಾರದೊಳಗೆ ಫೋನ್ ಮಾಡಿ, ಯಾವ ವಿಷಯದಲ್ಲಿ ಕೊರತೆ ಕಂಡಿತೆಂದು ಎರಡು ಮಾತಿನಲ್ಲಿ ಹೇಳುತ್ತಾರೆ. ಡ್ರಾಯಿಂಗ್ ಓದುವುದು ಸಾಲದೆಂದು ಹೀಗೆ ಹೇಳಿಸಿಕೊಂಡವರೊಬ್ಬರು ಮುಂದಿನ ವರ್ಷ ಅದನ್ನು ಕಲಿತು ಮತ್ತೆ ಬಂದರು; ತಮ್ಮ ಜೊತೆಗೆ ಓದಿದ್ದ ಇನ್ನೊಬ್ಬರನ್ನೂ ಕರೆತಂದರು.

ಸದ್ಯ ನನ್ನ ಕೈಯಲ್ಲಿರುವುದು ಇನ್ನೊಂದು ಘಟಕದ ನೇಮಕಾತಿ. ಅಡಿಕೆ ಕೊಯ್ಲು ಬಿರುಸಾದರೆ ತೋಟದ ಮನೆಗಳ ಹುಡುಗರು ಸಂದರ್ಶನಕ್ಕೆ ಬರುವುದು ಕಷ್ಟವಾದ್ದರಿಂದ ಅಕ್ಟೋಬರ್ ಆರಂಭದಲ್ಲಿಯೇ ಮುಗಿಸಬೇಕೆಂದು ಗೊತ್ತುಮಾಡಿದ್ದೇವೆ. ಜಾಹೀರಾತಿನಲ್ಲಿ ಸಂಬಳವನ್ನು, ಅದೂ ಕೈಗೆ ಬರುವ ಮೊತ್ತವನ್ನು ನಮೂದಿಸಲು ಮಾಲೀಕರು ಒಪ್ಪಿದ್ದಾರೆ. ಪ್ರಶ್ನೆಗಳ ಪಟ್ಟಿ ಸಿದ್ಧವಾಗಿದೆ. ದೂರದಿಂದ ಬರುವವರಿಗೆ ಬಸ್ ಚಾರ್ಜು ಕೊಡುವ ವಿಚಾರಕ್ಕೂ ಒಪ್ಪಿಗೆ ಸಿಕ್ಕಿದೆ. ಆಯ್ಕೆಯಾಗದವರಿಗೆ ಫೋನ್ ಮಾಡುವವರು ಯಾರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಮಾಲೀಕರೇ ಮಾಡಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ.